ಒಂದೇ ನೀರು, ಮೂರು ಸಲ ಶುದ್ಧೀಕರಣ: ಟೂಸಾನ್ ನಗರದ ಅಂತರ್ಜಲದ ಪ್ರಕರಣ

2021ರ ಜೂನ್ ತಿಂಗಳಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರ ತನ್ನದೇ ಒಂದು ಶುದ್ಧೀಕರಣ ಘಟಕದಿಂದ ಮನೆಗಳಿಗೆ ಹೋಗುತ್ತಿದ್ದ ನೀರನ್ನು ನಿಲ್ಲಿಸಿತು. ಘಟಕ ಕೆಟ್ಟಿರಲಿಲ್ಲ. ಪಂಪುಗಳು ಓಡುತ್ತಿದ್ದವು, ಕೆಲಸದವರು ಇದ್ದರು. ಯಾವ ವಿಷ ತೆಗೆಯಬೇಕು ಅಂತ 1994ರಲ್ಲಿ ಅದನ್ನು ಶುರು ಮಾಡಿದ್ದರೋ ಆ ವಿಷವನ್ನು ಅದು ಅವತ್ತೂ ತೆಗೆಯುತ್ತಿತ್ತು. ಸುಮಾರು 60,000 ಜನ ಕುಡಿಯುತ್ತಿದ್ದ ನೀರು ಅದು. ಆದರೂ ನಿಲ್ಲಿಸಬೇಕಾಯಿತು.

ಯಾಕೆ ಅನ್ನೋದೇ ಈ ಬರಹ. ಅಂತರ್ಜಲ ಒಮ್ಮೆ ಕೆಟ್ಟರೆ ಅದನ್ನು ಸರಿಮಾಡುವುದು ಅಂದರೆ ನಿಜವಾಗಿ ಏನು, ಎಷ್ಟು ಕಾಲ, ಯಾರ ತಲೆ ಮೇಲೆ ಬೀಳುತ್ತದೆ ಅಂತ ತಿಳಿಯೋಕೆ ಇಷ್ಟು ಚೆನ್ನಾಗಿ ದಾಖಲಾದ ಪ್ರಕರಣ ಕಡಿಮೆ. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಶುದ್ಧೀಕರಣ ಘಟಕ ನೀರನ್ನು ಶುದ್ಧ ಮಾಡುವುದಿಲ್ಲ. ಯಾವುದನ್ನು ತೆಗೆಯಬೇಕು ಅಂತ ನಾವು ಪಟ್ಟಿ ಕೊಟ್ಟಿರುತ್ತೇವೋ ಅದನ್ನು ಮಾತ್ರ ತೆಗೆಯುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ನಲ್ಲಿಗೆ ಬರುತ್ತದೆ.

ಊರು ಮತ್ತು ಅದರ ನೀರು

ಟೂಸಾನ್ ಸೊನೋರನ್ ಮರುಭೂಮಿಯಲ್ಲಿರುವ ಊರು. ಸುಮಾರು ಐದೂವರೆ ಲಕ್ಷ ಜನ. ವರ್ಷಕ್ಕೆ ಬೀಳುವ ಮಳೆ 30 ಸೆಂಟಿಮೀಟರಿನ ಆಸುಪಾಸು, ನಮ್ಮ ಚಳ್ಳಕೆರೆಗಿಂತ ಕಡಿಮೆ. ಊರಿನ ಪಕ್ಕದಲ್ಲೇ ಸಾಂತಾ ಕ್ರೂಜ್ ಅನ್ನುವ ನದಿ ಇದೆ, ಆದರೆ ಇಪ್ಪತ್ತನೇ ಶತಮಾನದಲ್ಲಿ ಎಲ್ಲರೂ ಪಂಪ್ ಹಾಕಿ ನೀರು ಎತ್ತಿದ ಮೇಲೆ ಅದು ವರ್ಷದ ಹೆಚ್ಚು ದಿನ ಬರೀ ಮರಳು. ಹಾಗಾಗಿ 1990ರ ದಶಕದವರೆಗೂ ಊರಿಗೆ ಊರೇ ಅಂತರ್ಜಲವನ್ನು ನಂಬಿಕೊಂಡಿತ್ತು. ಕೆರೆ ಇಲ್ಲ, ಅಣೆಕಟ್ಟೆ ಇಲ್ಲ, ಇದ್ದದ್ದು ಬೋರ್‌ವೆಲ್ ಮಾತ್ರ. ಬಾವಿ ಹೋದರೆ ಬೇರೆ ದಾರಿ ಇರಲಿಲ್ಲ ಅನ್ನೋದನ್ನು ನೆನಪಲ್ಲಿಟ್ಟುಕೊಂಡು ಮುಂದೆ ಓದಿ.

ಊರಿನ ದಕ್ಷಿಣಕ್ಕೆ ವಿಮಾನ ನಿಲ್ದಾಣ. ಎರಡನೇ ಮಹಾಯುದ್ಧ ಶುರುವಾದಾಗ, 1942ರ ಹೊತ್ತಿಗೆ, ಅಲ್ಲಿನ ದೊಡ್ಡ ಹ್ಯಾಂಗರುಗಳಲ್ಲಿ ಯುದ್ಧವಿಮಾನಗಳನ್ನು ಬಿಚ್ಚಿ, ಬದಲಾಯಿಸಿ, ಜೋಡಿಸುವ ಕೆಲಸ ನಡೆಯಿತು. 1951ರಲ್ಲಿ ಅದರ ದಕ್ಷಿಣಕ್ಕೆ ಹ್ಯೂಸ್ ಕಂಪನಿಯ ಕ್ಷಿಪಣಿ ಕಾರ್ಖಾನೆ ಬಂತು. ಜಾಗ ಮುಂದೆ ವಾಯುಪಡೆಯ ಸ್ವತ್ತಾಯಿತು, 'ಪ್ಲಾಂಟ್ 44' ಅಂತ ಹೆಸರು. ಶೀತಲ ಸಮರದ ಕಾಲ. ಸಾವಿರಾರು ಜನಕ್ಕೆ ಒಳ್ಳೆಯ ಸಂಬಳದ ಕೆಲಸ ಸಿಕ್ಕಿತು. ಸುತ್ತಮುತ್ತ ಬೆಳೆದ ದಕ್ಷಿಣದ ಬಡಾವಣೆಗಳಲ್ಲಿ ಇದ್ದವರು ಬಹುಪಾಲು ಮೆಕ್ಸಿಕನ್ ಮೂಲದ ಕುಟುಂಬಗಳು. ಪಕ್ಕದಲ್ಲೇ ತೊಹೊನೊ ಓಧಮ್ ಮೂಲನಿವಾಸಿಗಳ ಭೂಮಿ.

ವಿಮಾನದ ಭಾಗ ಇರಲಿ, ಕ್ಷಿಪಣಿಯ ಭಾಗ ಇರಲಿ, ಬಣ್ಣ ಹೊಡೆಯುವ ಮೊದಲು, ಬೆಸುಗೆ ಹಾಕುವ ಮೊದಲು ಅದರ ಮೇಲಿನ ಗ್ರೀಸು, ಎಣ್ಣೆ ಪೂರ್ತಿ ಹೋಗಬೇಕು. ಅದಕ್ಕೆ ಬಳಸುತ್ತಿದ್ದದ್ದು ಟ್ರೈಕ್ಲೋರೋಎಥಿಲೀನ್, ಚಿಕ್ಕದಾಗಿ ಟಿಸಿಇ. ಬಣ್ಣವಿಲ್ಲದ, ಸ್ವಲ್ಪ ಸಿಹಿ ವಾಸನೆಯ ದ್ರವ. ಬೆಂಕಿ ಹತ್ತುವುದು ಕಷ್ಟ, ಬೇಗ ಆರುತ್ತದೆ, ಗ್ರೀಸನ್ನು ಕ್ಷಣದಲ್ಲಿ ಕರಗಿಸುತ್ತದೆ. ಕೆಲಸಗಾರರಿಗೂ ಇಷ್ಟ, ಮಾಲೀಕರಿಗೂ ಇಷ್ಟ. ಬಳಸಿ ಕೊಳೆಯಾದ ಮೇಲೆ ಏನು ಮಾಡುತ್ತಿದ್ದರು? ಕಾಂಕ್ರೀಟ್ ಹಾಸಿಲ್ಲದ ಗುಂಡಿಗಳಿಗೆ, ತೆರೆದ ಕಾಲುವೆಗಳಿಗೆ, ಕೊಳಗಳಿಗೆ ಸುರಿಯುತ್ತಿದ್ದರು. ಮರುಭೂಮಿಯ ಬಿಸಿಲು, ಆವಿಯಾಗಿ ಹೋಗುತ್ತದೆ ಅನ್ನುವ ನಂಬಿಕೆ. ಸ್ವಲ್ಪ ಭಾಗ ಆವಿಯೂ ಆಯಿತು. ಉಳಿದದ್ದು ಕೆಳಗೆ ಇಳಿಯಿತು.

ಟಿಸಿಇ ನೆಲದೊಳಗೆ ಹೇಗೆ ನಡೆದುಕೊಳ್ಳುತ್ತದೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ಮುಂದಿನ ಎಂಬತ್ತು ವರ್ಷದ ಕಷ್ಟವೆಲ್ಲ ಈ ದ್ರವದ ಸ್ವಭಾವದಲ್ಲೇ ಇದೆ.

ಅಡುಗೆ ಎಣ್ಣೆ ನೀರಿಗೆ ಬಿದ್ದರೆ ತೇಲುತ್ತದೆ, ಪೆಟ್ರೋಲೂ ತೇಲುತ್ತದೆ. ಟಿಸಿಇ ತೇಲುವುದಿಲ್ಲ. ಒಂದು ಲೀಟರಿನ ತೂಕ ಸುಮಾರು 1.46 ಕಿಲೋ. ನೀರಿಗಿಂತ ಭಾರ, ನೀರಿಗಿಂತ ತೆಳು. ಹಾಗಾಗಿ ಮಣ್ಣಿನಲ್ಲಿ ಇಳಿದು, ಅಂತರ್ಜಲದ ಮಟ್ಟ ಸಿಕ್ಕಿದರೂ ಅಲ್ಲಿ ನಿಲ್ಲದೆ ಇನ್ನೂ ಕೆಳಗೆ ಹೋಗುತ್ತದೆ. ಯಾವುದಾದರೂ ಜೇಡಿಮಣ್ಣಿನ ಪದರ ಅಡ್ಡ ಬಂದರೆ ಅದರ ಮೇಲೆ ಕೂರುತ್ತದೆ, ಸಂದು ಸಿಕ್ಕಿದರೆ ಮತ್ತೆ ಇಳಿಯುತ್ತದೆ. ಅಲ್ಲಿ ಕೂತು ವರ್ಷಗಟ್ಟಲೆ ನಿಧಾನವಾಗಿ ನೀರಿಗೆ ಕರಗುತ್ತಾ ಇರುತ್ತದೆ.

ನೀರಲ್ಲಿ ಕರಗುವುದು ಬಹಳ ಕಮ್ಮಿ, ಲೀಟರಿಗೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಆದರೆ ಕುಡಿಯುವ ನೀರಿನಲ್ಲಿ ಇರಬಹುದಾದ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಅಂದರೆ ಕರಗಬಲ್ಲ ಪ್ರಮಾಣ ಮಿತಿಗಿಂತ ಎರಡು ಲಕ್ಷ ಪಟ್ಟು. ಇನ್ನೊಂದು ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಟಿಸಿಇ ಪೂರ್ತಿ ಕರಗಿ ಹರಡಿತು ಅಂದುಕೊಳ್ಳಿ, ಸುಮಾರು 29 ಕೋಟಿ ಲೀಟರ್ ನೀರನ್ನು ಅದು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಒಂದು ನೀರಿನ ಬಾಟಲಿಯಷ್ಟು! ಅಲ್ಲಿ ಸುರಿದದ್ದು ಬಾಟಲಿಗಳ ಲೆಕ್ಕದಲ್ಲಿ ಅಲ್ಲ, ದಶಕಗಳ ಲೆಕ್ಕದಲ್ಲಿ.

ಟೂಸಾನಿನ ಅಂತರ್ಜಲ ಆ ಭಾಗದಲ್ಲಿ ವಾಯುವ್ಯ ದಿಕ್ಕಿಗೆ, ಅಂದರೆ ವಿಮಾನ ನಿಲ್ದಾಣದಿಂದ ಮನೆಗಳ ಕಡೆಗೆ ಹರಿಯುತ್ತದೆ. ಅದರ ಜೊತೆ ಟಿಸಿಇ ಕೂಡ ಹೊರಟಿತು. ನೆಲದಿಂದ ನೂರು ಅಡಿಗೂ ಕೆಳಗೆ, ಯಾರ ಕಣ್ಣಿಗೂ ಕಾಣದ ಹಾಗೆ, ಮೈಲಿಗಟ್ಟಲೆ ಉದ್ದದ ಒಂದು ನಾಲಗೆ ಬಡಾವಣೆಗಳ ಕೆಳಗೆ ಚಾಚಿಕೊಂಡಿತು. ಆ ನಾಲಗೆಯ ಮೇಲೆಯೇ ನಗರದ ಬಾವಿಗಳಿದ್ದವು.

1981, ಮತ್ತು ಅದರ ಮೊದಲು

ಅಧಿಕೃತವಾಗಿ ಗೊತ್ತಾದದ್ದು 1981ರಲ್ಲಿ. ಪರೀಕ್ಷೆ ಮಾಡಿದಾಗ ನಗರದ ಬಾವಿಗಳಲ್ಲೇ ಟಿಸಿಇ ಸಿಕ್ಕಿತು. ನಗರ ಬಾವಿಗಳನ್ನು ಒಂದೊಂದಾಗಿ ಮುಚ್ಚತೊಡಗಿತು. 1983ರಲ್ಲಿ ಕೇಂದ್ರ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಈ ಜಾಗವನ್ನು ಸೂಪರ್‌ಫಂಡ್ ಪಟ್ಟಿಗೆ ಸೇರಿಸಿತು. ದೇಶದ ಅತಿ ಕೆಟ್ಟ ವಿಷ ಜಾಗಗಳನ್ನು ಗುರುತಿಸಿ, ಕೆಡಿಸಿದವರ ಕೈಯಿಂದಲೇ ಸ್ವಚ್ಛ ಮಾಡಿಸುವ ಕಾನೂನು ಅದು. ಪಟ್ಟಿಗೆ ಸೇರಿದ ಪ್ರದೇಶ ಸುಮಾರು 10 ಚದರ ಮೈಲಿ.

ಆದರೆ 1981ಕ್ಕಿಂತ ಮೊದಲೇ ಜನಕ್ಕೆ ಗೊತ್ತಿತ್ತು. 1950ರ ದಶಕದಲ್ಲೇ ಕಾರ್ಖಾನೆಯ ಹತ್ತಿರದ ಕೆಲವರು ಬಾವಿ ನೀರು ವಾಸನೆ ಬರುತ್ತದೆ ಅಂತ ದೂರಿದ್ದರು. 1970ರ ದಶಕದಲ್ಲಿ ಪ್ಲಾಂಟ್ 44ರ ಒಂದು ಬಾವಿಯಲ್ಲಿ ಕ್ರೋಮಿಯಂ ಜಾಸ್ತಿ ಇದೆ ಅಂತ ಅದನ್ನು ಮುಚ್ಚಿದ್ದರು. ಒಂದು ಬಾವಿಯಲ್ಲಿ ಲೋಹ ಲೇಪನದ ಕ್ರೋಮಿಯಂ ಸಿಕ್ಕಿದರೆ, ಅದೇ ಕಾರ್ಖಾನೆ ಅದೇ ನೆಲಕ್ಕೆ ಸುರಿದ ಬೇರೆ ವಸ್ತು ಎಲ್ಲಿಗೆ ಹೋಗಿದೆ ಅಂತ ಕೇಳಬೇಕಿತ್ತು ಅಲ್ವಾ? ಕೇಳಲಿಲ್ಲ. ಟಿಸಿಇಗೆ ಆಗ ಕುಡಿಯುವ ನೀರಿನ ಮಿತಿಯೇ ಇರಲಿಲ್ಲ. ಕೇಂದ್ರದ ಮಿತಿ ಜಾರಿಗೆ ಬಂದದ್ದು 1989ರಲ್ಲಿ. ಮಿತಿ ಇಲ್ಲದ್ದನ್ನು ಯಾರೂ ಅಳೆಯುವುದಿಲ್ಲ. ಅಳೆಯದ್ದು ಯಾವ ದಾಖಲೆಯಲ್ಲೂ ಇರುವುದಿಲ್ಲ.

ಬಾವಿ ಮುಚ್ಚಿದ ಮೇಲೆ ಆಡಳಿತಕ್ಕೆ ವಿಷಯ ಮುಗಿಯಿತು ಅನ್ನಿಸಿತ್ತು. ದಕ್ಷಿಣದ ಬಡಾವಣೆಯವರಿಗೆ ಹಾಗೆ ಅನ್ನಿಸಲಿಲ್ಲ. ಒಂದೇ ಬೀದಿಯಲ್ಲಿ ಇಷ್ಟೊಂದು ಕ್ಯಾನ್ಸರ್ ಯಾಕೆ, ಮಕ್ಕಳಿಗೆ ಹೃದಯದ ತೊಂದರೆ ಯಾಕೆ, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ದೇಹದ ಮೇಲೆ ಬೀಳುವ ಲೂಪಸ್ ಅನ್ನುವ ಕಾಯಿಲೆ ಯಾಕೆ ಅಂತ ಅವರು ಕೇಳುತ್ತಲೇ ಇದ್ದರು. ಅರಿಜೋನಾ ಡೈಲಿ ಸ್ಟಾರ್ ಪತ್ರಿಕೆಯ ವರದಿಗಾರ್ತಿ ಜೇನ್ ಕೇ ಆ ಜನರನ್ನು ಮಾತಾಡಿಸಿ 1985ರಲ್ಲಿ ಸರಣಿ ವರದಿ ಬರೆದ ಮೇಲೆಯೇ ಊರಿನ ಉಳಿದ ಭಾಗಕ್ಕೆ ಇದು ಎಷ್ಟು ದೊಡ್ಡದು ಅಂತ ಅರ್ಥವಾದದ್ದು. ನಿಮ್ಮ ಊಟ ಸರಿ ಇಲ್ಲ, ನಿಮ್ಮ ಜೀವನದ ರೀತಿ ಸರಿ ಇಲ್ಲ, ಅದಕ್ಕೇ ಕಾಯಿಲೆ ಅಂತ ಆ ಜನರಿಗೇ ಹೇಳಿದ ಅಧಿಕಾರಿಗಳೂ ಇದ್ದರು. ಇದನ್ನು ಓದುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮಗುವನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಾಡುವ ತಾಯಿಗೆ ಹೇಳುವ ಮಾತಲ್ಲ ಅದು.

ಅಲ್ಲಿನ ಮಕ್ಕಳ ಹೃದಯ ತಜ್ಞ ಸ್ಟ್ಯಾನ್ಲಿ ಗೋಲ್ಡ್‌ಬರ್ಗ್ ಮತ್ತು ಜೊತೆಗಾರರು 1990ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಹುಟ್ಟಿನಿಂದಲೇ ಹೃದಯದಲ್ಲಿ ದೋಷ ಇದ್ದ ಮಕ್ಕಳ ತಂದೆತಾಯಿ ಎಲ್ಲಿ ಇದ್ದರು, ಯಾವಾಗ ಇದ್ದರು ಅಂತ ಅವರು ನೋಡಿದರು. ಕೆಟ್ಟ ನೀರು ಬರುತ್ತಿದ್ದ ಕಾಲದಲ್ಲಿ ಆ ಪ್ರದೇಶದ ಸಂಪರ್ಕ ಇದ್ದವರ ಮಕ್ಕಳಲ್ಲಿ ಇಂಥ ದೋಷದ ಸಾಧ್ಯತೆ ಸುಮಾರು ಮೂರು ಪಟ್ಟು ಕಂಡಿತು. ಬಾವಿ ಮುಚ್ಚಿದ ಮೇಲೆ ಅಲ್ಲಿಗೆ ಬಂದವರಲ್ಲಿ ಆ ಹೆಚ್ಚಳ ಹೆಚ್ಚುಕಮ್ಮಿ ಮಾಯ. ಇದರಿಂದ ಟಿಸಿಇಯೇ ಕಾರಣ ಅಂತ ನೂರಕ್ಕೆ ನೂರು ಸಾಬೀತಾಗುವುದಿಲ್ಲ, ಇಂಥ ಅಧ್ಯಯನ ಸಂಬಂಧವನ್ನು ತೋರಿಸಬಲ್ಲದು ಅಷ್ಟೆ. ಆದರೆ ಊಟದ ಮಾತಾಡಿದವರಿಗೆ ಇದು ಸಾಕಷ್ಟು ಉತ್ತರ. ಬಾವಿ ಮುಚ್ಚಿದ ವರ್ಷ ಜನ ತಮ್ಮ ಊಟ ಬದಲಾಯಿಸಿರಲಿಲ್ಲವಲ್ಲ.

ಸುಮಾರು 1,600 ಜನ ಹ್ಯೂಸ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. 1991ರಲ್ಲಿ 8.45 ಕೋಟಿ ಡಾಲರಿಗೆ ರಾಜಿಯಾಯಿತು. ಟಿಸಿಇ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಇಪಿಎ ಖಚಿತವಾಗಿ ಹೇಳಿದ್ದು ಅದಾಗಿ ಇಪ್ಪತ್ತು ವರ್ಷದ ಮೇಲೆ, 2011ರಲ್ಲಿ.

ಮೊದಲ ಶುದ್ಧೀಕರಣ: ಗಾಳಿ

ಪ್ಲಾಂಟ್ 44ರ ಜಾಗದಲ್ಲಿ ವಾಯುಪಡೆ 1987ರಲ್ಲೇ ನೀರು ಎತ್ತಿ ಶುದ್ಧ ಮಾಡಲು ಶುರು ಮಾಡಿತ್ತು. ಮನೆಗಳ ಕೆಳಗಿನ ಭಾಗಕ್ಕೆ ಬೇರೆ ಯೋಜನೆ ಬೇಕಿತ್ತು. ಅದೇ ಟಾರ್ಪ್, ಟೂಸಾನ್ ವಿಮಾನ ನಿಲ್ದಾಣ ಶುದ್ಧೀಕರಣ ಯೋಜನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ವಾಯುಪಡೆ, ವಿಮಾನ ನಿಲ್ದಾಣ ಪ್ರಾಧಿಕಾರ, ವಿಮಾನ ಕಂಪನಿಗಳು ಖರ್ಚಿಗೆ ಹೊಣೆಯಾದವು. ನಿಲ್ದಾಣದ ಜಮೀನಿನ ನಂಟಿನಿಂದ ನಗರವೂ ಹೊಣೆಗಾರರ ಪಟ್ಟಿಯಲ್ಲಿತ್ತು. ನೀರು ಕಳೆದುಕೊಂಡದ್ದೂ ಅದೇ ನಗರ.

1994ರಲ್ಲಿ ಟಾರ್ಪ್ ಶುರುವಾಯಿತು. ಒಂಬತ್ತು ಬಾವಿಗಳಿಂದ ನೀರು ಎತ್ತಿ, ಎತ್ತರದ ಗೋಪುರಗಳ ತುದಿಗೆ ಕಳಿಸಿ ಸುರಿಯುತ್ತಿದ್ದರು. ಗೋಪುರದೊಳಗೆ ತೂತುತೂತಾದ ಪ್ಲಾಸ್ಟಿಕ್ ತುಂಡುಗಳ ರಾಶಿ. ನೀರು ಅವುಗಳ ಮೇಲೆ ತೆಳ್ಳಗೆ ಹರಡಿ, ಹನಿಹನಿಯಾಗಿ ಇಳಿಯುತ್ತದೆ. ಕೆಳಗಿನಿಂದ ಫ್ಯಾನ್ ಜೋರಾಗಿ ಗಾಳಿ ಊದುತ್ತದೆ. ಟಿಸಿಇಗೆ ನೀರಿಗಿಂತ ಗಾಳಿ ಇಷ್ಟ. ನೀರಿನಿಂದ ಎದ್ದು ಗಾಳಿಗೆ ಸೇರುತ್ತದೆ. ಆ ಗಾಳಿಯನ್ನು ಹಾಗೇ ಊರಿಗೆ ಬಿಡದೆ ಇದ್ದಿಲಿನ ಪದರದ ಮೂಲಕ ಹಾಯಿಸಿ ಟಿಸಿಇಯನ್ನು ಹಿಡಿಯುತ್ತಾರೆ.

ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಎತ್ತಿ ಸುರಿದಾಗ ಪರಿಮಳ ಮನೆಯೆಲ್ಲ ಹರಡುತ್ತದಲ್ಲ, ಅದೇ ತತ್ವ. ಹತ್ತು ಸಲ ಸುರಿದರೆ ಕಾಫಿಯಲ್ಲಿ ಪರಿಮಳ ಉಳಿಯುವುದಿಲ್ಲ.

ಕೆಲಸ ಮಾಡಿತು. ಹೊರಬಂದ ನೀರು ಕುಡಿಯುವ ನೀರಿನ ಮಿತಿಯೊಳಗೆ ಇತ್ತು, ನಗರದ ಕೊಳವೆಗಳಿಗೆ ಸೇರಿತು. ಮರುಭೂಮಿಯಲ್ಲಿ ಎತ್ತಿದ ನೀರನ್ನು ಚೆಲ್ಲುವ ಮಾತೇ ಇಲ್ಲ. ವಿಷದ ಜಾಗದ ನೀರನ್ನು ಶುದ್ಧ ಮಾಡಿ ಸಾವಿರಾರು ಮನೆಗಳ ನಲ್ಲಿಗೆ ಕೊಟ್ಟದ್ದು ಆ ಕಾಲಕ್ಕೆ ದೊಡ್ಡ ಸಾಧನೆಯೇ. ಎಂಜಿನಿಯರುಗಳು ತಮ್ಮ ಮುಂದಿದ್ದ ಸಮಸ್ಯೆಯನ್ನು ಚೆನ್ನಾಗಿಯೇ ಬಿಡಿಸಿದ್ದರು.

ಅದರ ಜೊತೆ ಮೂಲದಲ್ಲೂ ಕೆಲಸ ನಡೆಯಿತು. ಕಾರ್ಖಾನೆಯ ಹಳೆಯ ಗುಂಡಿಗಳ ಸುತ್ತ ಮಣ್ಣಿನಿಂದ ಆವಿ ಎಳೆದು ತೆಗೆದರು, ಕೆಲವು ಕಡೆ ಪೊಟ್ಯಾಸಿಯಂ ಪರ್ಮಾಂಗನೇಟ್ ಅನ್ನು ನೆಲದೊಳಗೆ ಇಳಿಸಿ ಟಿಸಿಇಯನ್ನು ಅಲ್ಲೇ ಒಡೆಯಲು ನೋಡಿದರು. ಆದರೂ ಮುಗಿಯಲಿಲ್ಲ. ಎಣ್ಣೆ ಇಟ್ಟ ಮಣ್ಣಿನ ಮಡಕೆಯನ್ನು ತೊಳೆದ ಅನುಭವ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳಗಿನ ಎಣ್ಣೆ ಚೆಲ್ಲಿ, ತಿಕ್ಕಿ, ಬಿಸಿನೀರು ಹಾಕಿ ತೊಳೆದು ಒಣಗಿಸಿ ಇಟ್ಟರೂ ಒಂದು ವಾರದಲ್ಲಿ ಮಡಕೆಯ ಮೈ ಮತ್ತೆ ಜಿಡ್ಡು. ಗೋಡೆಯೊಳಗೆ ಹೊಕ್ಕ ಎಣ್ಣೆ ನಿಧಾನವಾಗಿ ಹೊರಗೆ ಬರುತ್ತದೆ. ನೆಲದೊಳಗಿನ ಜೇಡಿಮಣ್ಣಿನ ಪದರಗಳು ಆ ಮಡಕೆಯ ಗೋಡೆ. ಮರಳಿನಲ್ಲಿರುವ ನೀರನ್ನು ಎಷ್ಟು ಎತ್ತಿ ಶುದ್ಧ ಮಾಡಿದರೂ ಜೇಡಿಯೊಳಗೆ ನಲವತ್ತು ವರ್ಷ ಹೊಕ್ಕದ್ದು ಇನ್ನೂ ಹಲವು ದಶಕ ಹೊರಗೆ ಬರುತ್ತಲೇ ಇರುತ್ತದೆ. ನೀರು ಎತ್ತಿ ಶುದ್ಧ ಮಾಡುವ ಯೋಜನೆಗಳು ಎಲ್ಲಾ ಕಡೆ ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ ಕಾಲ ಹಿಡಿಯುವುದು ಇದಕ್ಕೇ.

ಎರಡನೆಯದು: ಸಕ್ಕರೆಯಂಥ ವಿಷ

2002ರಲ್ಲಿ ಅದೇ ನೀರಿನಲ್ಲಿ ಇನ್ನೊಂದು ವಸ್ತು ಸಿಕ್ಕಿತು. 1,4-ಡೈಆಕ್ಸೇನ್.

ಇದು ಹೊಸದಾಗಿ ಬಂದದ್ದಲ್ಲ, ಹಳೆಯ ಕಾಲದಿಂದಲೂ ಅಲ್ಲೇ ಇದ್ದದ್ದು. ಗ್ರೀಸು ತೆಗೆಯುವ ಇನ್ನೊಂದು ದ್ರವ ಇತ್ತು, ಟಿಸಿಎ. ಅದು ಲೋಹ ತಾಗಿದರೆ ಕೆಡುತ್ತದೆ, ಕೆಡದಿರಲಿ ಅಂತ ಅದಕ್ಕೆ ಸ್ವಲ್ಪ ಡೈಆಕ್ಸೇನ್ ಬೆರೆಸುತ್ತಿದ್ದರು. ಮುಖ್ಯ ದ್ರವದ ಬಗ್ಗೆ ಎಲ್ಲರೂ ಯೋಚಿಸಿದರು, ಅದರ ಜೊತೆ ಬೆರೆತದ್ದರ ಬಗ್ಗೆ ಯಾರೂ ಯೋಚಿಸಲಿಲ್ಲ. ಅಷ್ಟು ಕಡಿಮೆ ಪ್ರಮಾಣವನ್ನು ನೀರಿನಲ್ಲಿ ಅಳೆಯುವ ವಿಧಾನವೂ ಮುಂಚೆ ಸುಲಭವಾಗಿರಲಿಲ್ಲ.

ಡೈಆಕ್ಸೇನ್ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ. ಗಾಳಿ ಊದಿದರೆ ಏಳುವುದಿಲ್ಲ. ಕಾಫಿಯನ್ನು ಎಷ್ಟು ಸಲ ಎತ್ತಿ ಸುರಿದರೂ ಪರಿಮಳ ಹೋಗುತ್ತದೆಯೇ ಹೊರತು ಸಕ್ಕರೆ ಹೋಗುವುದಿಲ್ಲ. ಇದು ಸಕ್ಕರೆಯ ಥರ. ಇದ್ದಿಲಿಗೂ ಸರಿಯಾಗಿ ಅಂಟುವುದಿಲ್ಲ. 1994ರಿಂದ ಆ ಗೋಪುರಗಳ ಮೂಲಕ ಏನೂ ಆಗದ ಹಾಗೆ ಇಳಿದು, ಟಿಸಿಇ ಇಲ್ಲದ ನೀರಿನ ಜೊತೆ ನಲ್ಲಿಗೆ ಹೋಗಿತ್ತು. ಅಷ್ಟೂ ವರ್ಷ ವರದಿಗಳಲ್ಲಿ ಆ ನೀರು ಮಿತಿಯೊಳಗೆ ಇದೆ ಅಂತಲೇ ಇತ್ತು, ಮತ್ತು ವರದಿ ಸುಳ್ಳಾಗಿರಲಿಲ್ಲ. ನಾನು ಮೊದಲು ಹೇಳಿದ ಪಟ್ಟಿಯ ಮಾತು ಇದೇ.

ಮೊದಮೊದಲು ಬೇರೆ ಕಡೆಯ ಒಳ್ಳೆಯ ನೀರು ಬೆರೆಸಿ ಪ್ರಮಾಣ ಇಳಿಸಿ ಕೊಟ್ಟರು. ಇಪಿಎ ಡೈಆಕ್ಸೇನ್ ಕುರಿತ ತನ್ನ ಎಚ್ಚರಿಕೆಯ ಮಟ್ಟವನ್ನು ಲೀಟರಿಗೆ 0.35 ಮೈಕ್ರೋಗ್ರಾಂಗೆ ಇಳಿಸಿದ ಮೇಲೆ ಬೆರೆಸುವುದರಿಂದ ಮಾತ್ರ ಆಗದು ಅಂತಾಯಿತು. ನಗರ ಟಾರ್ಪ್ ಪಕ್ಕದಲ್ಲೇ ಇನ್ನೊಂದು ಘಟಕ ಕಟ್ಟಿತು. 2014ರಲ್ಲಿ ಅದು ಕೆಲಸ ಶುರು ಮಾಡಿತು.

ಇದರಲ್ಲಿ ನೀರಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ, ಜೋರಾದ ನೇರಳಾತೀತ ದೀಪಗಳ ಮುಂದೆ ಹಾಯಿಸುತ್ತಾರೆ. ಬೆಳಕು ಪೆರಾಕ್ಸೈಡನ್ನು ಒಡೆಯುತ್ತದೆ, ಒಡೆದ ತುಂಡುಗಳು ಸೆಕೆಂಡಿನ ಒಂದು ಸಣ್ಣ ಚೂರಿನಷ್ಟು ಕಾಲ ಮಾತ್ರ ಬದುಕಿರುತ್ತವೆ, ಆದರೆ ಅಷ್ಟರಲ್ಲಿ ಸಿಕ್ಕಿದ ಬಹುಪಾಲು ಇಂಗಾಲದ ವಸ್ತುಗಳನ್ನು ಸುಟ್ಟ ಹಾಗೆ ಒಡೆದುಹಾಕುತ್ತವೆ. ಡೈಆಕ್ಸೇನೂ ಹೋಗುತ್ತದೆ, ಟಿಸಿಇಯೂ ಹೋಗುತ್ತದೆ. ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುವ ಕೆಲಸವಲ್ಲ ಇದು, ಅಲ್ಲೇ ಇಲ್ಲವಾಗಿಸುವ ಕೆಲಸ.

ಒಂದು ಸಣ್ಣ ತೊಡಕು. ಪೆರಾಕ್ಸೈಡ್ ಪೂರ್ತಿ ಖರ್ಚಾಗುವುದಿಲ್ಲ, ಸ್ವಲ್ಪ ನೀರಿನಲ್ಲಿ ಉಳಿಯುತ್ತದೆ. ಉಳಿದರೆ ಆಮೇಲೆ ಹಾಕುವ ಕ್ಲೋರಿನನ್ನು ತಿಂದುಹಾಕುತ್ತದೆ. ಅದಕ್ಕೇ ಕೊನೆಯಲ್ಲಿ ದೊಡ್ಡ ಟ್ಯಾಂಕುಗಳಲ್ಲಿ ಹರಳಿದ್ದಿಲು ತುಂಬಿ, ನೀರನ್ನು ಅದರ ಮೂಲಕ ಹಾಯಿಸಿ ಪೆರಾಕ್ಸೈಡ್ ತೆಗೆಯುತ್ತಾರೆ. ಈ ಇದ್ದಿಲಿನ ಕೆಲಸ ಅಷ್ಟೇ. ಅಷ್ಟೇ ಅಂತ ಎಲ್ಲರೂ ಅಂದುಕೊಂಡಿದ್ದರು.

ಮೂರನೆಯದು: ಇದ್ದಿಲು ಹಿಡಿದದ್ದು

ವಿಮಾನ ನಿಲ್ದಾಣಗಳಲ್ಲಿ, ವಾಯುನೆಲೆಗಳಲ್ಲಿ ಇಂಧನಕ್ಕೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸಲು ಆಗುವುದಿಲ್ಲ. ಅದಕ್ಕೆ ವಿಶೇಷ ನೊರೆ ಬೇಕು. ಆ ನೊರೆಯಲ್ಲಿ ಇದ್ದದ್ದು ಪಿಫಾಸ್ ಅನ್ನುವ ಗುಂಪಿನ ರಾಸಾಯನಿಕಗಳು. ನಿಜವಾದ ಬೆಂಕಿಗಿಂತ ಜಾಸ್ತಿ ತರಬೇತಿಗೆ, ಪರೀಕ್ಷೆಗೆ ದಶಕಗಟ್ಟಲೆ ನೊರೆ ಸುರಿದಿದ್ದಾರೆ. ನೊರೆ ನೆಲದ ಮೇಲೆ ಒಣಗಿತು, ಮಳೆ ಬಂದಾಗ ಇಳಿಯಿತು. ಟಿಸಿಇ ಹೋದ ದಾರಿಯಲ್ಲೇ ಇದೂ ಹೋಯಿತು.

ಪಿಫಾಸ್‌ನಲ್ಲಿ ಇಂಗಾಲ ಮತ್ತು ಫ್ಲೋರಿನ್ ನಡುವಿನ ಹಿಡಿತ ಬಹಳ ಗಟ್ಟಿ. ನಾನ್‌ಸ್ಟಿಕ್ ತವಾದ ಲೇಪನವೂ ಇದೇ ಬಳಗದ್ದು, ದಿನಾ ಒಲೆಯ ಮೇಲಿಟ್ಟರೂ ಅದು ಎಷ್ಟು ವರ್ಷ ತಡೆಯುತ್ತದೆ ನೋಡಿ. ಗಾಳಿ ಊದಿದರೆ ಇದು ಏಳುವುದಿಲ್ಲ. ನೇರಳಾತೀತ ಬೆಳಕು, ಪೆರಾಕ್ಸೈಡ್ ಎರಡೂ ಸೇರಿ ಡೈಆಕ್ಸೇನನ್ನು ಒಡೆದ ಹಾಗೆ ಇದನ್ನು ಒಡೆಯಲು ಆಗುವುದಿಲ್ಲ. ಟೂಸಾನ್ ಕಟ್ಟಿದ ಎರಡೂ ಶುದ್ಧೀಕರಣಗಳ ಮೂಲಕ ಅದು ಹಾಗೇ ಹಾದುಹೋಗಬೇಕಿತ್ತು.

ಹೋಗಲಿಲ್ಲ, ಯಾಕಂದರೆ ಕೊನೆಯಲ್ಲಿ ಆ ಇದ್ದಿಲು ಇತ್ತು. ಪೆರಾಕ್ಸೈಡ್ ತೆಗೆಯಲು ಇಟ್ಟ ಇದ್ದಿಲು ಯಾರೂ ಹೇಳದೆಯೇ ಪಿಫಾಸನ್ನೂ ಹಿಡಿದುಕೊಳ್ಳುತ್ತಿತ್ತು. ಈ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ವಿವರ ಇದು. ಅಷ್ಟು ಸಾವಿರ ಜನರನ್ನು ಮೂರನೆಯ ವಿಷದಿಂದ ಸ್ವಲ್ಪಮಟ್ಟಿಗೆ ಕಾಪಾಡಿದ್ದು ಬೇರೆ ಕೆಲಸಕ್ಕೆ ತಂದಿಟ್ಟ ಒಂದು ಟ್ಯಾಂಕು ಇದ್ದಿಲು. ಯೋಜನೆಯಲ್ಲಿ ಇರಲಿಲ್ಲ, ಸುಮ್ನೆ ಕೂಡಿಬಂತು.

ಆದರೆ ಇದ್ದಿಲು ತುಂಬುತ್ತದೆ. ಪೆರಾಕ್ಸೈಡ್ ಒಡೆಯುವ ಇದ್ದಿಲು ಬಹಳ ಕಾಲ ಬಾಳುತ್ತದೆ, ಪಿಫಾಸ್ ಹಿಡಿಯುವ ಇದ್ದಿಲಿನಲ್ಲಿ ಜಾಗ ಮುಗಿದರೆ ಮುಂದಿನದ್ದು ಆಚೆಗೆ ನುಗ್ಗುತ್ತದೆ. ಆಗಾಗ ತೆಗೆದು ಹೊಸದು ತುಂಬಬೇಕು, ಅದು ದುಬಾರಿ. ಇತ್ತ ಬಾವಿಗಳಿಗೆ ಬರುತ್ತಿದ್ದ ಪಿಫಾಸ್ ಏರುತ್ತಾ ಹೋಯಿತು. ಇದ್ದಿಲು ಯಾವತ್ತಾದರೂ ಕೈಕೊಟ್ಟರೆ ನಲ್ಲಿಗೆ ನೇರ ಹೋಗುತ್ತದೆ ಅನ್ನುವ ಭಯದಲ್ಲಿ ನಗರ 2021ರ ಜೂನಿನಲ್ಲಿ ಟಾರ್ಪ್ ನೀರನ್ನು ಮನೆಗಳಿಗೆ ಕೊಡುವುದನ್ನು ನಿಲ್ಲಿಸಿತು. ಆಗ ಪಿಫಾಸ್‌ಗೆ ಕಡ್ಡಾಯ ಮಿತಿ ಇರಲೇ ಇಲ್ಲ, 2016ರಲ್ಲಿ ಹೇಳಿದ್ದ ಲೀಟರಿಗೆ 70 ನ್ಯಾನೋಗ್ರಾಂ ಅನ್ನುವ ಸಲಹೆ ಮಾತ್ರ ಇತ್ತು. ಕಾನೂನು ಬರಲಿ ಅಂತ ಕಾಯದೆ ನಿಲ್ಲಿಸಿದರು. ಇದಕ್ಕೆ ಆ ನೀರಿನ ಇಲಾಖೆಯನ್ನು ಮೆಚ್ಚಲೇಬೇಕು. 1970ರ ದಶಕದಲ್ಲಿ ಯಾರೂ ಮಾಡದ ಕೆಲಸ ಅದು. 2024ರ ಏಪ್ರಿಲ್‌ನಲ್ಲಿ ಇಪಿಎ ಎರಡು ಮುಖ್ಯ ಪಿಫಾಸ್‌ಗಳಿಗೆ ಲೀಟರಿಗೆ 4 ನ್ಯಾನೋಗ್ರಾಂ ಮಿತಿ ಹಾಕಿತು. ಟಿಸಿಇಯ ಮಿತಿಯ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಇಲ್ಲಿ ನಮ್ಮ ಕಡೆಯ ಒಂದು ಮಾತು. ಬೆಂಗಳೂರಿನ ಪೀಣ್ಯದಲ್ಲೂ ಲೋಹ ತೊಳೆಯುವ, ಲೇಪನ ಮಾಡುವ ನೂರಾರು ಘಟಕಗಳಿವೆ, ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಕ್ರೋಮಿಯಂ ಸಿಕ್ಕಿದ್ದು ದಾಖಲಾಗಿದೆ. ಪ್ಲಾಂಟ್ 44ರಲ್ಲೂ ಮೊದಲು ಸಿಕ್ಕಿದ್ದು ಕ್ರೋಮಿಯಂ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500ರ 2012ರ ಪಟ್ಟಿಯಲ್ಲಿ ಟಿಸಿಇ ಇಲ್ಲ, ಪಿಫಾಸ್ ಇಲ್ಲ. ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರನ್ನು ಲ್ಯಾಬಿಗೆ ಕೊಟ್ಟಾಗ ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಇ-ಕೋಲಿ ಅಂತ ಪಟ್ಟಿ ಬರುತ್ತದೆ, ಕೆಳಗೆ 'ಕುಡಿಯಲು ಯೋಗ್ಯ' ಅಂತ ಬರೆದಿರುತ್ತಾರೆ. ಆ ಸಾಲನ್ನು ಓದುವಾಗ ಮೇಲಿನ ಪಟ್ಟಿಯನ್ನೂ ಓದಿ. ಅದರಲ್ಲಿ ಇರುವುದರ ಮಟ್ಟಿಗೆ ಮಾತ್ರ ಅದು ನಿಜ. ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ ಇರುವವರು ಟಿಸಿಇಯಂಥ, ಗ್ರೀಸು ಕರಗಿಸುವ ದ್ರಾವಕಗಳ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಬೇಕು.

ನೀರು ನಿಲ್ಲಿಸಲು ಆದದ್ದು ಹೇಗೆ

ಟೂಸಾನ್ 1981ರಲ್ಲಿ ಬಾವಿ ಮುಚ್ಚಿದಾಗ ಬದಲಿಗೆ ಇದ್ದದ್ದು ಬೇರೆ ಬಾವಿಗಳು ಮಾತ್ರ. 2021ರ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ಕೊಲರಾಡೋ ನದಿಯ ನೀರು 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಊರಿಗೆ ಬರುತ್ತಿತ್ತು. ಇದರ ಹಿಂದೆಯೂ ಒಂದು ನೋವಿನ ಕತೆ ಇದೆ. 1992ರಲ್ಲಿ ಆ ನೀರನ್ನು ಶುದ್ಧ ಮಾಡಿ ನೇರವಾಗಿ ನಲ್ಲಿಗೆ ಬಿಟ್ಟಾಗ ಹಳೆಯ ಕೊಳವೆಗಳ ತುಕ್ಕು ಎದ್ದು ಮನೆಮನೆಗೆ ಕೆಂಪು ಕಂದು ನೀರು ಬಂತು. 1994ರಲ್ಲಿ ನಿಲ್ಲಿಸಿದರು, ಮರುವರ್ಷ ಜನ ಮತ ಹಾಕಿ ನೇರ ಸರಬರಾಜಿಗೆ ಕಡಿವಾಣ ಹಾಕಿದರು. ಆಮೇಲೆ ಊರಿನ ಪಶ್ಚಿಮದ ಆವ್ರಾ ಕಣಿವೆಯಲ್ಲಿ ದೊಡ್ಡ ಕೊಳಗಳನ್ನು ಮಾಡಿ ನದಿ ನೀರನ್ನು ನೆಲಕ್ಕೆ ಇಂಗಿಸಿ, ಅಂತರ್ಜಲದ ಜೊತೆ ಬೆರೆಸಿ, ಮತ್ತೆ ಎತ್ತುವ ದಾರಿ ಹಿಡಿದರು. 2001ರಿಂದ ಆ ಬೆರೆತ ನೀರು ಊರಿಗೆ ಬರುತ್ತಿದೆ.

ಆ ಇಂಗಿಸಿದ ನೀರು ಇದ್ದದ್ದರಿಂದಲೇ ಟಾರ್ಪ್ ನಿಲ್ಲಿಸಿದಾಗ ಯಾವ ಮನೆಯ ನಲ್ಲಿಯೂ ಒಣಗಲಿಲ್ಲ. ಹೀಗಾಗಿ ಶುದ್ಧೀಕರಣದ ಪ್ರಕರಣದಲ್ಲಿ ಅತಿ ಮುಖ್ಯವಾದ ಯಂತ್ರ ಘಟಕದೊಳಗೆ ಇರಲೇ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಊರ ಹೊರಗೆ ಇಂಗಿಸಿಟ್ಟ ನೀರೇ ಅದು. ಇನ್ನೊಂದು ಮೂಲ ಇದ್ದ ಊರಿಗೆ ಮಾತ್ರ ಅನುಮಾನ ಬಂದ ತಕ್ಷಣ ನಲ್ಲಿ ನಿಲ್ಲಿಸುವ ಧೈರ್ಯ ಬರುತ್ತದೆ. ಆದರೆ ಟಾರ್ಪ್ ನಿಲ್ಲಿಸಿದ ಎರಡೇ ತಿಂಗಳಿಗೆ, 2021ರ ಆಗಸ್ಟ್‌ನಲ್ಲಿ, ಕೊಲರಾಡೋ ನದಿಯಲ್ಲಿ ನೀರಿನ ಕೊರತೆ ಇದೆ ಅಂತ ಕೇಂದ್ರ ಸರ್ಕಾರ ಇತಿಹಾಸದಲ್ಲೇ ಮೊದಲ ಬಾರಿಗೆ ಘೋಷಿಸಿತು. ಮೊದಲ ಹೊಡೆತ ಬಿದ್ದದ್ದು ಹೊಲಗಳಿಗೆ, ನಗರಗಳಿಗಲ್ಲ. ಹಾಗಿದ್ದರೂ ನೆಲದ ನೀರು ಮತ್ತೆ ಬೇಕಾಗುವ ದಿನ ಬರಬಹುದು ಅಂತ ಟೂಸಾನಿನವರಿಗೆ ಗೊತ್ತು.

ಖರ್ಚು ಯಾರದ್ದು ಅನ್ನುವ ಜಗಳ 2024ರಲ್ಲೂ ಮುಗಿದಿರಲಿಲ್ಲ. 2024ರ ಮೇ ತಿಂಗಳಲ್ಲಿ ಇಪಿಎ ವಾಯುಪಡೆಗೂ ಅರಿಜೋನಾದ ಏರ್ ನ್ಯಾಷನಲ್ ಗಾರ್ಡ್‌ಗೂ ಈ ಪಿಫಾಸ್ ಶುದ್ಧೀಕರಣಕ್ಕೆ ಯೋಜನೆ ಕೊಡಿ ಅಂತ ತುರ್ತು ಆದೇಶ ಕಳಿಸಿತು. ಇಂಥ ಆದೇಶ ಮಾಡುವ ಅಧಿಕಾರ ನಿಮಗಿಲ್ಲ ಅಂತ ವಾಯುಪಡೆ ವಾದಿಸಿತು. ಎರಡೂ ಒಂದೇ ಸರ್ಕಾರದ ಕೈಗಳು. ಈ ನಡುವೆ ನೀರಿನ ಬಿಲ್ ಕಟ್ಟುವವರು ಇದ್ದಿಲಿನ ಖರ್ಚನ್ನೂ ಕಟ್ಟುತ್ತಿದ್ದರು. 1990ರ ದಶಕದ ಮಧ್ಯದಿಂದ ಅಲ್ಲಿ ಒಂದು ಸಮುದಾಯ ಸಲಹಾ ಮಂಡಳಿ ಇದೆ. ಬಡಾವಣೆಯ ಜನ, ವಾಯುಪಡೆ, ಇಪಿಎ, ನಗರ ಎಲ್ಲರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಬಾವಿ ಮುಚ್ಚಿದ ಕಾಲದಲ್ಲಿ ಹೋರಾಟ ಶುರು ಮಾಡಿದವರ ಪೈಕಿ ಎಷ್ಟೋ ಮಂದಿ ಈಗ ಇಲ್ಲ. ಉಳಿದವರು ನಕ್ಷೆಯಲ್ಲಿ ಆ ನಾಲಗೆ ಎಲ್ಲಿಗೆ ಬಂದಿದೆ ಅಂತ ಇವತ್ತಿಗೂ ಕೇಳುತ್ತಾರೆ.

ಟಾರ್ಪ್ ಮಾತ್ರ ನಿಂತಿಲ್ಲ. ನಿಲ್ಲಿಸುವ ಹಾಗೂ ಇಲ್ಲ. ಆ ಒಂಬತ್ತು ಬಾವಿಗಳು ನೀರು ಎತ್ತುತ್ತಲೇ ಇರಬೇಕು, ಎತ್ತುವುದರಿಂದಲೇ ಕೆಟ್ಟ ನೀರು ಅವುಗಳ ಕಡೆಗೆ ಎಳೆದುಕೊಂಡು ಬರುತ್ತದೆ, ಮುಂದಕ್ಕೆ ಹರಡುವುದಿಲ್ಲ. ಪಂಪ್ ನಿಂತರೆ ನಾಲಗೆ ಮತ್ತೆ ವಾಯುವ್ಯಕ್ಕೆ, ಒಳ್ಳೆಯ ಬಾವಿಗಳ ಕಡೆಗೆ ಹೊರಡುತ್ತದೆ. ಹಾಗಾಗಿ ಹಗಲೂ ರಾತ್ರಿ ನೀರು ಎತ್ತಿ, ಪೆರಾಕ್ಸೈಡ್ ಬೆರೆಸಿ, ದೀಪದ ಮುಂದೆ ಹಾಯಿಸಿ, ಇದ್ದಿಲಿನಲ್ಲಿ ಸೋಸುತ್ತಾರೆ. ಆಮೇಲೆ ಆ ನೀರನ್ನು ಯಾರ ಮನೆಗೂ ಕೊಡುವುದಿಲ್ಲ. 2021ರ ಕೊನೆಯಿಂದ ಅದನ್ನು ಸಾಂತಾ ಕ್ರೂಜ್ ನದಿಗೆ ಬಿಡಲು ಶುರು ಮಾಡಿದರು. ದಶಕಗಳಿಂದ ಒಣಗಿದ್ದ ಮರಳಿನ ಮೇಲೆ ಒಂದಷ್ಟು ದೂರ ನೀರು ಹರಿದು, ಮತ್ತೆ ನೆಲಕ್ಕೆ ಇಂಗುತ್ತದೆ.